ಗಾಡಿಗೆ ಉಷ್ಣವಾದಾಗ

ನನ್ನನ್ನು ಎಲ್ಲರೂ ಎಣ್ಣೆ ಕಂಪನಿಯವನು ಎಂದು ಕರೆಯುತ್ತಿದ್ದ ಕಾಲ ಒಂದಿತ್ತು. ಕರೆಯುವವರ ತಪ್ಪೇನೂ ಅಲ್ಲ. ಮುಂಬಯಿಯಲ್ಲಿ ಚೆಂಬೂರಿನಾಚೆಯ ಒಂದು ತೈಲ ಶುದ್ಧೀಕರಣ ಕಾರ್ಖಾನೆಯ ಗೇಟಿನೊಳಗೆ ನಾನು ದಿನವೂ ಬೆಳಿಗ್ಗೆ ಹೋಗುತ್ತಿದ್ದದ್ದು ನಿಜ, ಸಂಜೆ ಹೊರಗೆ ಬರುತ್ತಿದ್ದದ್ದೂ ನಿಜ. ನಡುವೆ ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಈಗ ಹೇಳುತ್ತೇನೆ. ನಾನು ಸ್ಟೋರಿನ ಕಿಟಕಿಯ ಹಿಂದೆ ಕುಳಿತು ಕೆಲಸಗಾರರಿಗೆ ಖಾಕಿ ಬಟ್ಟೆ, ಗಮ್‌ಬೂಟು, ಕೈ ತೊಳೆಯುವ ಸಾಬೂನು ಕೊಡುತ್ತಿದ್ದೆ. ಹಳೆಯ ಬಟ್ಟೆ ವಾಪಸು ತಂದರೆ ಮಾತ್ರ ಹೊಸತು. ಆ ಹಳೆಯ ಬಟ್ಟೆಗಳ ಮೇಲಿನ ಕಲೆ ಎಷ್ಟೋ ಅಷ್ಟೇ ನಾನು ಕಂಡ ಎಣ್ಣೆ.

ಆದರೆ ಸಯನ್‌ನ ನಮ್ಮ ಚಾಳಿನಲ್ಲಿ ನಾನು ಎಣ್ಣೆಯ ಪಂಡಿತ. ಸ್ಟವ್ ಹೊಗೆಯಾಡಿದರೆ ನನ್ನನ್ನು ಕರೆಯುತ್ತಿದ್ದರು. ನಮ್ಮ ಮಹಡಿಯಲ್ಲೇ ಇದ್ದ ವಿಜಾಪುರ ಕಡೆಯ ಗೌಂಡಿಯೊಬ್ಬರು ಬಾಗಿಲಲ್ಲಿ ನಿಂತು, "ಎಣ್ಣಿ ಸಾಹೇಬ್ರ, ನಮ್ಮನಿಯಾಕಿ ಹೊಲಿಗಿ ಮಶೀನು ಭಾಳ ಕಿರಗುಟ್ಟಾಕ ಹತ್ತೈತ್ರೀ, ಯಾವ ಎಣ್ಣಿ ಬಿಡ್ಲಿ?" ಎಂದು ಕೇಳುತ್ತಿದ್ದರು. ನಾನು ಸ್ವಲ್ಪ ಹೊತ್ತು ಛಾವಣಿ ನೋಡಿ, "ವಿಸ್ಕಾಸಿಟಿ ನೋಡಬೇಕು" ಎನ್ನುತ್ತಿದ್ದೆ. ಕ್ಯಾಂಟೀನಿನ ಚಹಾದ ಸಾಲಿನಲ್ಲಿ ಪ್ರಯೋಗಾಲಯದವರ ಬಾಯಿಂದ ಬಿದ್ದದ್ದನ್ನು ನಾನು ಹೆಕ್ಕಿಕೊಂಡ ಶಬ್ದ ಅದು. ಅರ್ಥ ಗೊತ್ತಿರಲಿಲ್ಲ, ಹೇಳುವಾಗ ಬಾಯಿ ತುಂಬುತ್ತಿತ್ತು. ಕೂದಲು ಉದುರುತ್ತದೆಂದು ಕೇಳಲು ಬಂದ ಮೇಲಿನ ಮಹಡಿಯ ಹೆಂಗಸಿಗೂ, "ನಿಮ್ಮ ತೆಂಗಿನೆಣ್ಣೆಯ ವಿಸ್ಕಾಸಿಟಿ ಜಾಸ್ತಿ" ಎಂದಿದ್ದೆ. ಆಕೆ ಅಂಗಡಿ ಬದಲಿಸಿದರು. ಕೂದಲು ಉದುರುವುದು ನಿಂತಿತಂತೆ. ನನ್ನ ಕೇಡಿಗೆ ಇಂಥ ಯಶಸ್ಸುಗಳೂ ಕಾರಣ.

ನನ್ನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ನನ್ನ ಭಾವ, ಅಕ್ಕನ ಗಂಡ. ಉಡುಪಿ ಕಡೆಯಿಂದ ನನ್ನನ್ನು ಮುಂಬಯಿಗೆ ಕರೆತಂದವರು ಅವರೇ. ಮಾಟುಂಗಾದ ಒಂದು ಹೋಟೆಲಿನಲ್ಲಿ ಅವರು ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ನನ್ನನ್ನು ಅಲ್ಲೇ ಮೇಜು ಒರೆಸುವ ಕೆಲಸಕ್ಕೆ ಸೇರಿಸಿ, ಸಂಜೆ ಕನ್ನಡದ ರಾತ್ರಿಶಾಲೆಗೆ ಕಳಿಸಿದರು. ನಾನು ಶಾಲೆಗೆ ಹೊರಟ ಮೇಲೆ ಉಳಿದ ಮೇಜುಗಳನ್ನು, ದಿನವಿಡೀ ಕಾವಲಿಯ ಬಿಸಿಯಲ್ಲಿ ಬೆಂದ ಆ ಮನುಷ್ಯ ತಾವೇ ಒರೆಸುತ್ತಿದ್ದರು. ಹಾಗೆ ನಾನು ಮೆಟ್ರಿಕ್ ಪಾಸಾದೆ, ಹಾಗೆ ಕಾರ್ಖಾನೆಯ ಕಿಟಕಿಯ ಹಿಂದೆ ಕುಳಿತೆ. ಅವರಿಗೆ ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಡಬ್ಬಿಯ ಮೇಲೆ, ಪೊಟ್ಟಣದ ಮೇಲೆ ಬರೆದದ್ದನ್ನೆಲ್ಲ ನನ್ನ ಕೈಗೆ ಕೊಟ್ಟು, "ಓದು ಮಾರಾಯ, ನೀನು ಕಲಿತವ" ಎನ್ನುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಭಾವ ಹೋಟೆಲು ಬಿಟ್ಟರು. ಅಂಧೇರಿಯ ಒಂದು ಸಿನಿಮಾ ಸ್ಟುಡಿಯೋದ ಕೆಲಸಗಾರರಿಗೆ ಬೆಳಗಿನ ಇಡ್ಲಿ, ವಡೆ ಒದಗಿಸುವ ಕಂತ್ರಾಟು ಸಿಕ್ಕಿತ್ತು. ಬಿಡುವಾಗ ಧಣಿಗಳಿಗೆ, "ಇನ್ನು ಈ ಕಾವಲಿಯ ಮುಖ ನೋಡುವುದಿಲ್ಲ" ಎಂದು ಹೇಳಿ ಬಂದಿದ್ದರು. ಅಷ್ಟು ಮೆದು ಮನುಷ್ಯ ಬದುಕಿನಲ್ಲಿ ಆಡಿದ ಒಂದೇ ಬಿರುಸಿನ ಮಾತು ಅದು ಎಂದು ಅಕ್ಕ ಹೇಳುತ್ತಿದ್ದಳು. ಚಾಳಿನ ಹಿಂದಿನ ತಗಡಿನ ಷೆಡ್ಡನ್ನು ಅಡಿಗೆಮನೆ ಮಾಡಿಕೊಂಡರು. ಅಕ್ಕ ಹಿಟ್ಟು ರುಬ್ಬಿಸುವುದು, ಭಾವ ಬೇಯಿಸುವುದು. ಅಡಿಗೆಗೆ ಕೊರತೆಯಿರಲಿಲ್ಲ. ಅದನ್ನು ಅಂಧೇರಿಗೆ ಮುಟ್ಟಿಸುವುದೇ ಕಷ್ಟವಾಗಿತ್ತು. ಸಯನ್‌ನಿಂದ ಲೋಕಲ್‌ನಲ್ಲಿ ದಾದರಿಗೆ ಹೋಗಿ, ಕ್ಯಾನುಗಳನ್ನು ಹೊತ್ತು ಸೇತುವೆ ದಾಟಿ, ಪಶ್ಚಿಮ ಲೈನಿನ ಲೋಕಲ್ ರೈಲು ಹಿಡಿಯಬೇಕು. ಸಾಮಾನಿನ ಬೋಗಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಪ್ರಯಾಣ. ಸ್ಟುಡಿಯೋದ ಲೈಟಿನವರು, "ಅಣ್ಣಾ, ಆಜ್ ಸಾಂಬಾರ್ ಮೇ ಬೊಂಬಿಲ್ ಡಾಲಾ ಕ್ಯಾ?" ಎಂದು, ಸಾಂಬಾರಿಗೆ ಮೀನು ಹಾಕಿದ್ದೀಯಾ ಎಂದು ನಗುತ್ತಿದ್ದರು. ಊಟೋಪಚಾರ ನೋಡಿಕೊಳ್ಳುವ ಅಲ್ಲಿಯ ಮೇಲ್ವಿಚಾರಕ ನಗುತ್ತಿರಲಿಲ್ಲ. "ಅಣ್ಣಾ, ತೇರಾ ಇಡ್ಲಿ ಅಚ್ಛಾ ಹೈ, ಟೈಮ್ ಖರಾಬ್ ಹೈ. ಫಿರ್ ಲೇಟ್ ಹುವಾ ತೋ ಬಂದ್" ಎಂದಿದ್ದ. ಬಂದ್ ಎಂದರೆ ಭಾವ ಪುನಃ ಅದೇ ಧಣಿಗಳ ಮುಂದೆ, ಅದೇ ಕಾವಲಿಯ ಮುಂದೆ. ಅದೊಂದು ಆಗಬಾರದೆಂದು ಅವರು ಮೋಟಾರ್‌ಸೈಕಲ್ ಕೊಂಡರು.

ಕೊಂಡದ್ದು ದಾದರಿನ ಒಬ್ಬ ಮುದಿ ಪಾರ್ಸಿಯಿಂದ. ಹಳೆಯ ಗಾಡಿ, ಕಪ್ಪು ಬಣ್ಣ, ನಿಂತಲ್ಲೇ ಡುಗುಡುಗು ಎಂದು ನೆಲ ಅದುರಿಸುತ್ತಿತ್ತು. ಮುಂಬಯಿಯಲ್ಲಿ ಪಾರ್ಸಿಗಳನ್ನು ಬಾವಾಜಿ ಎನ್ನುತ್ತಾರೆ. ಅಕ್ಕ ಆ ದಿನವೆಲ್ಲ, "ಬಾವಾಜಿಯ ಗಾಡಿ ಭಾವಾಜಿಗೆ ಬಂತು" ಎಂದು ನಗುತ್ತಿದ್ದಳು. ಕೀಲಿ ಕೊಡುವಾಗ ಮುದುಕ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ಹೇಳಿದ: "ದೇಖ್ ಡೀಕ್ರಾ, ಇಸ್ಕಾ ಮಿಜಾಜ್ ಜರಾ ಗರಮ್ ಹೈ. ತೇಲ್ ಅಚ್ಛಾ ಡಾಲ್ನಾ. ಚಾಲೀಸ್ ನಂಬರ್." ನಲವತ್ತು ನಂಬರಿನ ಒಳ್ಳೆಯ ಎಣ್ಣೆ ಹಾಕಬೇಕೆಂದು.

ದಾರಿಯಲ್ಲಿ ಭಾವ ಹಿಂದೆ ಕುಳಿತಿದ್ದ ನನ್ನ ಕಡೆ ತಿರುಗಿ ಕೇಳಿದರು. "ಕೇಳಿದ್ಯಾ? ಇದರದ್ದು ಉಷ್ಣ ಶರೀರ ಅಂತೆ."

"ಹೌದು ಭಾವ, ಅಂಥ ಗಾಡಿಗಳುಂಟು" ಎಂದೆ, ನೂರು ಗಾಡಿಗಳ ನಾಡಿ ಹಿಡಿದವನ ಹಾಗೆ.

ನಮ್ಮ ಕಡೆ ಜನರನ್ನು ಎರಡೇ ಜಾತಿಯಾಗಿ ನೋಡುತ್ತಾರೆ, ಉಷ್ಣದವರು ಮತ್ತು ಶೀತದವರು. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಸಿಟ್ಟು ಬಂದರೂ ಉಷ್ಣ. ಗಾಡಿಯೊಂದು ಆ ಲೆಕ್ಕದೊಳಗೆ ಇಷ್ಟು ಸಲೀಸಾಗಿ ಬಂದು ಕುಳಿತದ್ದು ನನಗೂ ಭಾವನಿಗೂ ವಿಚಿತ್ರವೆನಿಸಲೇ ಇಲ್ಲ. ಮರುದಿನ ಭಾವ ಅದಕ್ಕೆ ಕುಂಕುಮ ಹಚ್ಚಿದರು. ಲುಂಗಿಯ ಮನುಷ್ಯ ಪ್ಯಾಂಟು ಹೊಲಿಸಿಕೊಂಡರು. ಹೊರಡುವಾಗ ಗಾಡಿಗೇ, "ಹೋಗುವ ಮಾರಾಯ" ಎಂದು ಹೇಳಿ ಬಲಗಾಲಿನಿಂದ ಒದೆಯುತ್ತಿದ್ದರು. ಅವರು ಅಷ್ಟು ಸಂತೋಷದಿಂದ ಇದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಎಣ್ಣೆ ಬದಲಿಸುವ ಕಾಲ ಬಂದಾಗ ಭಾವ ನನ್ನನ್ನು ಸಯನ್ ಸರ್ಕಲ್ಲಿನ ಬಳಿಯ ಬಿಡಿಭಾಗದ ಅಂಗಡಿಗೆ ಕರೆದುಕೊಂಡು ಹೋದರು. ಕಪಾಟಿನಲ್ಲಿ ಕೆಂಪು, ಹಸಿರು, ಹಳದಿ ಡಬ್ಬಿಗಳು. ಅಂಗಡಿಯವ, "ಕೌನ್‌ಸಾ ನಂಬರ್? ತೀಸ್, ಚಾಲೀಸ್, ಪಚಾಸ್?" ಎಂದ.

ಆ ನಂಬರು ಏನನ್ನು ಹೇಳುತ್ತದೆಂದು ಅವನನ್ನೇ ಕೇಳಬಹುದಿತ್ತು. ಎಣ್ಣೆ ಎಷ್ಟು ಮಂದ ಎಂಬುದನ್ನು ಅದು ಹೇಳುತ್ತದೆ, ನನ್ನ ಪ್ರೀತಿಯ ವಿಸ್ಕಾಸಿಟಿ ಎಂದರೆ ಅದೇ ಎಂದು ಆಗಲೇ ಗೊತ್ತಾಗುತ್ತಿತ್ತು. ಆದರೆ ಭಾವ ಪಕ್ಕದಲ್ಲಿದ್ದರು, ಹೆಮ್ಮೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಆದ್ದರಿಂದ ನಾನು ಯೋಚಿಸಿದೆ. ಜ್ವರ ನೋಡುವ ಕೊಳವೆಯಲ್ಲಿ ಅಂಕಿ ಏರಿದರೆ ಜ್ವರ ಏರಿದಂತೆ. ಹಾಗಾದರೆ ಐವತ್ತು ಬಹಳ ಉಷ್ಣ, ನಲವತ್ತು ಸ್ವಲ್ಪ ಉಷ್ಣ, ಮೂವತ್ತು ತಂಪು. ಉಷ್ಣ ಶರೀರಕ್ಕೆ ತಂಪನ್ನೇ ಕೊಡಬೇಕಲ್ಲವೆ?

"ತೀಸ್ ದೇ ದೋ" ಎಂದೆ.

ಅಂಗಡಿಯವ ಹೊರಗೆ ನಿಂತ ಗಾಡಿಯನ್ನು ನೋಡಿದ. "ಸೇಠ್, ಗಾಡಿ ಪುರಾನಾ ದಿಖ್ತಾ ಹೈ. ಚಾಲೀಸ್ ಲೇ ಜಾವೋ."

"ಬಾವಾಜಿಯೂ ಚಾಲೀಸ್ ಅಂದಿದ್ರಲ್ಲ?" ಎಂದರು ಭಾವ ನನ್ನ ಕಿವಿಯ ಬಳಿ.

"ಅದು ಹಳೆ ಕಾಲದ ಲೆಕ್ಕ ಭಾವ. ಈಗಿನ ಎಣ್ಣೆಯ ವಿಸ್ಕಾಸಿಟಿಯೇ ಬೇರೆ."

ಭಾವನಿಗೆ ಅಷ್ಟು ಸಾಕಾಯಿತು. ಅಂಗಡಿಯವನ ಕಡೆ ತಿರುಗಿ ದೊಡ್ಡದಾಗಿ, "ಯೇ ಖುದ್ ತೇಲ್ ಕಂಪನಿ ಮೇ ಹೈ" ಎಂದರು. ಅಂಗಡಿಯವ ಡಬ್ಬಿ ಇಳಿಸಿ, "ಫಿರ್ ತೋ ಮೈ ಕ್ಯಾ ಬೋಲೂ", ಹಾಗಾದರೆ ನಾನೇನು ಹೇಳಲಿ, ಎಂದು ಧೂಳು ಒರೆಸಿ ಕೊಟ್ಟ. ಅವನ ದನಿಯಲ್ಲಿ ಗೌರವವಿದೆಯೆಂದು ಆಗ ಅನಿಸಿತ್ತು.

ಮೂವತ್ತು ಕುಡಿದ ಗಾಡಿಗೆ ತಂಪಾಗಲಿಲ್ಲ. ತೆಳ್ಳಗಿನ ಎಣ್ಣೆ, ಸವೆದ ಇಂಜಿನು. ಒಳಗೆ ಯಾರೋ ಪಾತ್ರೆ ಕುಟ್ಟಿದ ಹಾಗೆ ಸದ್ದು, ಹಿಂದಿನಿಂದ ನೀಲಿ ಹೊಗೆ. ಅಂಧೇರಿಯಿಂದ ಬಂದು ನಿಲ್ಲಿಸಿದರೆ ಇಂಜಿನ್ನಿನ ಬಳಿ ಕೈ ತರಲಾಗದಷ್ಟು ಬಿಸಿ. ಭಾವ ಬೀಸಣಿಗೆ ಹಿಡಿದು ಅದಕ್ಕೆ ಗಾಳಿ ಹಾಕುತ್ತ, "ಉಷ್ಣ ಇಳಿಯಲಿಲ್ಲ ಮಾರಾಯ. ನಿನಗೆ ಎಂತ ಕಾಣ್ತದೆ?" ಎಂದು ಕೇಳುತ್ತಿದ್ದರು. ಆಗ ನಾನು, "ತಪ್ಪಾಯಿತು ಭಾವ, ನಲವತ್ತನ್ನೇ ಹಾಕುವ" ಎಂದಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ನಾನು ಹೇಳಿದ್ದು, "ನೋಡುವ, ಕಂಪನಿಯಲ್ಲಿ ವಿಚಾರಿಸ್ತೇನೆ" ಎಂದು.

ವಿಚಾರಿಸಲಿಲ್ಲ. ಯಾರನ್ನು ವಿಚಾರಿಸುವುದು? ಗಮ್‌ಬೂಟು ಕೊಡುವವನು ಇಂಜಿನಿಯರರನ್ನು ಹಿಡಿದು ಮೋಟಾರ್‌ಸೈಕಲ್ಲಿನ ಮಾತಾಡಲು ನನಗೆ ಸಂಕೋಚ. ಆದರೆ ಚಹಾದ ಸಾಲಿನಲ್ಲಿ ಕಿವಿ ತೆರೆದು ನಿಂತೆ. ಒಂದು ದಿನ ನನ್ನ ಹಿಂದೆ ಇಬ್ಬರು ಮಾತಾಡುತ್ತಿದ್ದರು. ಒಬ್ಬಾತ, ವಿಲಾಯಿತಿಯಲ್ಲಿ ರೇಸಿನ ಮೋಟಾರ್‌ಸೈಕಲ್ಲುಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು, ಎಷ್ಟು ಕಾದರೂ ಇಂಜಿನಿಗೆ ಏನೂ ಆಗುತ್ತಿರಲಿಲ್ಲ ಎಂದ. ಇನ್ನೊಬ್ಬಾತ, "ಹೌದು, ಆದರೆ" ಎಂದು ಶುರುಮಾಡಿದ. ಅಷ್ಟರಲ್ಲಿ ನನ್ನ ಸರದಿ ಬಂತು. ನಾನು ಚಹಾ ಹಿಡಿದು ಹೊರಟುಬಿಟ್ಟೆ. ಆ "ಆದರೆ" ಎಂಬುದರ ಮುಂದಿನ ಮಾತಿನಲ್ಲಿ ನನ್ನ ಭಾವನ ಬದುಕಿತ್ತು. ಚಹಾ ಆರಿಹೋಗುತ್ತದೆಂದು ನಾನು ಅದನ್ನು ಕೇಳಲಿಲ್ಲ.

ಕೇಳಬೇಕೆಂದು ಅನಿಸಲೂ ಇಲ್ಲ, ಏಕೆಂದರೆ ಹರಳೆಣ್ಣೆ ಎಂದ ಕೂಡಲೇ ನನಗೆ ಎಲ್ಲ ಹೊಳೆದುಬಿಟ್ಟಿತ್ತು. ನಮ್ಮ ಮನೆಯಲ್ಲಿ ಶನಿವಾರ ಎಣ್ಣೆಸ್ನಾನ. ಅಕ್ಕ ಊರಿನಿಂದ ತರಿಸಿದ ಹರಳೆಣ್ಣೆಯನ್ನು ನಮ್ಮ ನೆತ್ತಿಗೆ ಸುರಿದು ತಟ್ಟಿ ತಟ್ಟಿ ಇಳಿಸುತ್ತಿದ್ದಳು. ಅದು ಇಳಿದಂತೆ ಕಣ್ಣಿನ ಉರಿ ಹೋಗುತ್ತಿತ್ತು, ಹಿಂದೆಯೇ ನಿದ್ದೆ ಬರುತ್ತಿತ್ತು. ಹರಳೆಣ್ಣೆಗಿಂತ ತಂಪು ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ನನಗೆ ನೆತ್ತಿಯಿಂದಲೇ ಗೊತ್ತು. ವಿಲಾಯಿತಿಯವರಿಗೂ ಗೊತ್ತಾಗಿದೆ ಎಂದ ಮೇಲೆ ಇನ್ನೇನು?

ಅಕ್ಕ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದಾಗ ನಾನು ಆ ಸೀಸೆಯನ್ನು ಷರ್ಟಿನೊಳಗೆ ಇಟ್ಟುಕೊಂಡು ಷೆಡ್ಡಿಗೆ ಹೋದೆ. ಅಲ್ಲೇ ಇದ್ದ ಒಂದು ಖಾಲಿ ಡಬ್ಬಿಗೆ ಸುರಿದು ಭಾವನನ್ನು ಕರೆದೆ.

"ಇದು ಲ್ಯಾಬಿನದ್ದು ಭಾವ. ರೇಸಿನ ಗಾಡಿಗೆ ಹಾಕುವುದು. ಬಜಾರಿನಲ್ಲಿ ಸಿಗುವುದಿಲ್ಲ. ಯಾರ ಹತ್ತಿರವೂ ಹೇಳಬೇಡಿ."

ಭಾವ ಬೆರಳಲ್ಲಿ ಮುಟ್ಟಿ ನೋಡಿದರು. "ಒಳ್ಳೆ ಅಂಟು ಉಂಟಲ್ಲ."

"ವಿಸ್ಕಾಸಿಟಿ" ಎಂದೆ. ಆ ಶಬ್ದವನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾಗಿ ಬಳಸಿದ್ದೆ, ಅದೂ ಗೊತ್ತಿಲ್ಲದೆ.

ಹಳೆಯ ಎಣ್ಣೆಯನ್ನು ಪೂರ್ತಿ ತೆಗೆಯದೆ, ಸ್ವಲ್ಪ ಇಳಿಸಿ, ಅದರ ಮೇಲೆಯೇ ಹೊಯ್ದೆವು. ಆ ಎರಡು ಎಣ್ಣೆಗಳು ಒಂದಕ್ಕೊಂದು ಕೂಡುವುದಿಲ್ಲ, ಕೂಡಿಸಿದರೆ ಒಳಗೆ ಗಂಟುಗಟ್ಟುತ್ತದೆ ಎಂಬುದೇ ಆ "ಆದರೆ" ಆಗಿತ್ತು. ಅದನ್ನು ಬಹಳ ವರ್ಷಗಳ ಮೇಲೆ ತಿಳಿದೆ, ತಿಳಿದು ಉಪಯೋಗವೇನೂ ಇಲ್ಲದ ಕಾಲದಲ್ಲಿ.

ಗಾಡಿ ಶುರುವಾಯಿತು. ಸದ್ದು ಇಳಿದಿತ್ತು, ನಿಜವಾಗಿಯೂ ಇಳಿದಿತ್ತು. ಭಾವ ಕಣ್ಣು ಮುಚ್ಚಿ ಕೇಳಿ, "ಬೆಣ್ಣೆ ಮಾರಾಯ" ಎಂದರು. ಹಿಂದಿನಿಂದ ಹೊಗೆಯ ಜೊತೆ ಒಂದು ಪರಿಮಳ ಹೊರಟಿತು. ಶನಿವಾರದ ಬಚ್ಚಲಿನ ಪರಿಮಳ. ಅಕ್ಕ ಕಿಟಕಿಯಿಂದ ತಲೆ ಹಾಕಿ, "ಯಾರದು, ಸೀಗೆ ಹಾಕಿ ತೊಳೆಯದೆ ಎಣ್ಣೆ ತಲೆಯಲ್ಲಿ ತಿರುಗುವುದು?" ಎಂದಳು.

"ನಿನ್ನ ತಮ್ಮನ ಕಂಪನಿಯ ಎಣ್ಣೆ. ದೊಡ್ಡ ವಿಷಯ, ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು" ಎಂದರು ಭಾವ.

ಆ ಶನಿವಾರ ಅಕ್ಕ ಸೀಸೆ ಹುಡುಕಿದಳು. ಬೆಕ್ಕು ಬೀಳಿಸಿ ಒಡೆಯಿತು, ನಾನೇ ಗುಡಿಸಿದೆ ಎಂದೆ. ಚಾಳಿನಲ್ಲಿ ಎಲ್ಲರ ಮನೆಗೂ ಹೋಗಿ ಬರುತ್ತಿದ್ದ ಬೂದು ಬೆಕ್ಕು ಅದು. ಅಂದಿನಿಂದ ಅದು ನಮ್ಮ ಹೊಸ್ತಿಲಿಗೆ ಬಂದರೆ ಅಕ್ಕ ಪೊರಕೆ ಎತ್ತುತ್ತಿದ್ದಳು. ಅದಕ್ಕೆ ಇಡುತ್ತಿದ್ದ ಹಾಲನ್ನೂ ನಿಲ್ಲಿಸಿದಳು.

ಕೆಲವು ದಿನ ಎಲ್ಲ ಚೆನ್ನಾಗಿ ನಡೆಯಿತು. ಭಾವ ಹೊತ್ತಿಗೆ ಮೊದಲೇ ಅಂಧೇರಿ ತಲುಪುತ್ತಿದ್ದರು. ಮಧ್ಯಾಹ್ನದ ಊಟವನ್ನೂ ನೀನೇ ಮಾಡುತ್ತೀಯಾ ಎಂದು ಮೇಲ್ವಿಚಾರಕ ಕೇಳಿದನಂತೆ. ಮರುವಾರ ನನ್ನ ರಜೆಯ ದಿನ. "ದೊಡ್ಡ ಸೀನು ಉಂಟಂತೆ, ಜನ ಜಾಸ್ತಿ. ಇವತ್ತು ಸರಿಯಾಗಿ ಆದರೆ ಊಟದ್ದೂ ನಮಗೇ. ನೀನು ಹಿಂದೆ ಕೂತು ಚಟ್ನಿ ಹಿಡ್ಕೊ" ಎಂದರು ಭಾವ. ಎರಡೂ ಬದಿಗೆ ಇಡ್ಲಿ ಡಬ್ಬಿ, ಸಾಂಬಾರಿನ ಕ್ಯಾನು, ನಡುವೆ ನಾನು, ನನ್ನ ಮಡಿಲಲ್ಲಿ ಚಟ್ನಿಯ ತಪ್ಪಲೆ. ಕುರ್ಲಾ ದಾಟಿದೆವು. ಎದುರು ಗಾಳಿಯಲ್ಲಿ ಭಾವ ಏನೋ ಹಾಡಿಕೊಳ್ಳುತ್ತಿದ್ದರು.

ಸಾಕಿನಾಕಾದ ಏರಿನಲ್ಲಿ ಗಾಡಿ ಒಮ್ಮೆ ಕೆಮ್ಮಿತು. ಆಮೇಲೆ ಒಳಗಿನಿಂದ ಕಿರ್ ಎಂಬ ಸದ್ದು ಬಂತು, ಹಿಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ರಸ್ತೆಯ ಮೇಲೆ ಅಷ್ಟು ದೂರ ಎಳೆದುಕೊಂಡು ಹೋಗಿ ನಿಂತೆವು. ನಾವು ಬೀಳಲಿಲ್ಲ. ಚಟ್ನಿ ಮಾತ್ರ ಸ್ವಲ್ಪ ಭಾವನ ಬೆನ್ನಿಗೆ, ಉಳಿದದ್ದು ನನ್ನ ಪ್ಯಾಂಟಿಗೆ.

ಭಾವ ಇಳಿದು ಒದ್ದರು. ಕಿಕ್ಕರು ಕಲ್ಲಿನ ಹಾಗೆ ನಿಂತಿತ್ತು. ದೇಹದ ಭಾರವನ್ನೆಲ್ಲ ಹಾಕಿ ಒದ್ದರು. ಮೊಣಕಾಲಿನಲ್ಲಿ ಏನೋ ಚಟ್ ಎಂದಿತು. ಬೆನ್ನ ಮೇಲೆ ಚಟ್ನಿ ಹಸಿರಾಗಿ ಇಳಿಯುತ್ತಿತ್ತು. ಅವರು ಕಾಲು ಹಿಡಿದುಕೊಂಡು ನನ್ನ ಕಡೆ ತಿರುಗಿ ಕೇಳಿದರು: "ಎಂತ ಆಯ್ತು ಮಾರಾಯ? ನೀನು ಹೇಳು."

ಪರಿಮಳ ಕಟುವಾಗಿ ಮೂಗಿಗೆ ಹೊಡೆಯುತ್ತಿತ್ತು. ಏನಾಯಿತೆಂದು ನನಗೆ ಗೊತ್ತಾಗಿತ್ತು. ವಿವರ ಗೊತ್ತಿರಲಿಲ್ಲ, ಯಾರಿಂದ ಆಯಿತೆಂಬುದು ಗೊತ್ತಿತ್ತು.

"ಏರಿನಲ್ಲಿ ನೀವು ಗೇರು ಬದಲಿಸಿದ್ದು ಸರಿಯಾಗಲಿಲ್ಲ ಭಾವ" ಎಂದೆ. "ಭಾರ ಜಾಸ್ತಿ ಇತ್ತು. ಇಂಜಿನ್ನಿಗೆ ಉಸಿರು ಕಟ್ಟಿತು."

ಅವರು ವಾದಿಸುತ್ತಾರೆ ಎಂದುಕೊಂಡಿದ್ದೆ. ಬೈದರೂ ಸಹಿಸುತ್ತಿದ್ದೆ. ಅವರು ಗಾಡಿಯನ್ನು ನೋಡಿ, ಏರನ್ನು ನೋಡಿ, "ಹೌದಾ? ಹಾಗಾದ್ರೆ ನನ್ನದೇ ತಪ್ಪು" ಎಂದರು. ಆಮೇಲೆ ಗಾಡಿಯ ಟ್ಯಾಂಕು ತಟ್ಟಿ, "ಪಾಪ" ಎಂದರು.

ಅಂಧೇರಿಯ ಎಮ್ಮೆ ತಬೇಲಾಗಳಿಗೆ ಹುಲ್ಲು ಒಯ್ಯುವ ಲಾರಿಯೊಂದು ನಿಲ್ಲಿಸಿತು. ಹುಲ್ಲಿನ ಮೇಲೆ ಇಡ್ಲಿಯ ಡಬ್ಬಿಗಳನ್ನು ತಬ್ಬಿಕೊಂಡು ಕುಳಿತು ನಾವು ಸ್ಟುಡಿಯೋ ತಲುಪಿದೆವು. ಅಷ್ಟರಲ್ಲಿ ಎಲ್ಲರೂ ಹೊರಗಿನಿಂದ ತರಿಸಿದ ಪಾವ್, ಆಮ್ಲೆಟ್ ತಿಂದು ಕೆಲಸಕ್ಕೆ ಇಳಿದಿದ್ದರು. ಮೇಲ್ವಿಚಾರಕ ಗದರಿಸಲಿಲ್ಲ. "ಅಣ್ಣಾ, ಅಬ್ ರಹನೇ ದೇ" ಎಂದು, ಇನ್ನು ಬೇಡವೆಂದು ಕೈಯಾಡಿಸಿ ಒಳಗೆ ಹೋದ. ಅಲ್ಲಿ ಒಂದು ಅರಮನೆಯ ಮೆಟ್ಟಿಲು ಕಟ್ಟಿದ್ದರು, ಮರ ಮತ್ತು ಸುಣ್ಣದ ಗಾರೆಯದು. ಭಾವ ಅದರ ಮೇಲೆ ಕುಳಿತು, ಡಬ್ಬಿ ತೆರೆದು, ಒಂದು ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. "ಉಪ್ಪು ಸರಿಯಾಗಿಯೇ ಉಂಟು" ಎಂದರು. ಇನ್ನೊಂದನ್ನು ನನಗೆ ಕೊಟ್ಟರು. ನಾನು ತಿಂದೆ. ಹಸಿವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಗಾಡಿಯನ್ನು ಕುರ್ಲಾದ ಒಬ್ಬ ಮೆಕ್ಯಾನಿಕ್ಕನ ಬಳಿಗೆ ಸೇರಿಸಿದೆವು. ಅವನು ಬಿಚ್ಚುವ ದಿನ ಭಾವನ ಮೊಣಕಾಲು ಬಾತಿದ್ದರಿಂದ ನಾನೊಬ್ಬನೇ ಹೋದೆ. ದೇವರು ಸುಳ್ಳುಗಾರರಿಗೆ ಇಂಥ ಅನುಕೂಲಗಳನ್ನು ಧಾರಾಳವಾಗಿ ಕೊಡುತ್ತಾನೆ. ಒಳಗೆಲ್ಲ ಹಲಸಿನ ಮೇಣದಂತಹ ಕಂದು ಅಂಟು. ಅವನು ಉಗುರಿನಲ್ಲಿ ಕೆರೆದು ಮೂಸಿ ನೋಡಿ, "ಇಸ್ಮೇ ಕ್ಯಾ ಡಾಲಾ ಥಾ? ಪಕೋಡಾ ತಲ್ನೇ ಕಾ ತೇಲ್?" ಎಂದ, ಪಕೋಡಾ ಕರಿಯುವ ಎಣ್ಣೆಯೇ ಎಂದು. ನಾನು ಗೊತ್ತಿಲ್ಲ ಎಂದೆ. "ಪಿಸ್ಟನ್ ಚಿಪಕ್ ಗಯಾ. ಭಂಗಾರ್ ಮೇ ದೇ ದೋ" ಎಂದ, ಪಿಸ್ಟನ್ ಅಂಟಿಹೋಗಿದೆ, ಗುಜರಿಗೆ ಹಾಕಿ ಎಂದು.

ಮನೆಯಲ್ಲಿ ಭಾವ ಕಾಲು ಚಾಚಿ ಕಾಯುತ್ತಿದ್ದರು. "ಎಂತ ಅಂದ?"

"ಅವನೂ ಗೇರಿನದ್ದೇ ತಪ್ಪು ಅಂದ" ಎಂದೆ.

ಏರಿನಲ್ಲಿ ಹೇಳಿದ ಸುಳ್ಳು ಹೆದರಿಕೆಯಲ್ಲಿ ಬಾಯಿಂದ ಜಾರಿದ್ದು. ಇದನ್ನು ನಾನು ಕುರ್ಲಾದಿಂದ ಸಯನ್‌ವರೆಗೆ ಬಸ್ಸಿನಲ್ಲಿ ಕುಳಿತು ತಯಾರಿಸಿಕೊಂಡು ಬಂದಿದ್ದೆ.

ಭಾವ ಪುನಃ ಮಾಟುಂಗಾಕ್ಕೆ ಹೋದರು. ಧಣಿಗಳು ಕಾವಲಿಯ ಕಡೆ ಕೈ ತೋರಿಸಿದರಂತೆ. ಮತ್ತೆ ನಿವೃತ್ತಿಯವರೆಗೂ ಅಲ್ಲೇ ನಿಂತರು. ಯಾವ ಗಾಡಿಯ ಮೇಲೂ ಕೂರಲಿಲ್ಲ. ಯಾರಾದರೂ ಸ್ಕೂಟರ್ ಹೊಡೆಯಲು ಕೊಟ್ಟರೆ, "ಬೇಡ ಮಾರಾಯ, ನಾನು ಏರಿನಲ್ಲಿ ಗಾಡಿ ಕೊಂದವ" ಎಂದು ನಗುತ್ತಿದ್ದರು. ಮದುವೆ, ಮುಂಜಿ, ನೆಂಟರು ಸೇರಿದಲ್ಲೆಲ್ಲ ಆ ಕತೆ ಹೇಳುತ್ತಿದ್ದರು. ಬೆನ್ನಿನ ಚಟ್ನಿ, ಹುಲ್ಲಿನ ಲಾರಿ, ಅರಮನೆಯ ಮೆಟ್ಟಿಲು, ಎಲ್ಲವೂ ಬರುತ್ತಿತ್ತು. ಕೊನೆಯಲ್ಲಿ ನನ್ನ ಕಡೆ ಕೈ ತೋರಿಸಿ, "ಇವ ಕಂಪನಿಯಿಂದ ರೇಸಿನ ಎಣ್ಣೆ ತಂದು ಹಾಕಿದ್ದ. ಅಂಥ ಎಣ್ಣೆ ಇದ್ದೂ ನಾನು ಹಾಳು ಮಾಡಿದೆ" ಎನ್ನುತ್ತಿದ್ದರು. ಜನ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಎಲೆಯ ಕಡೆ ನೋಡಿ ಪಾಯಸ ಕಲಸುತ್ತಿದ್ದೆ. ಅವರು ಬೇರೆ ಊಟದ ಕಂತ್ರಾಟು ಹುಡುಕಬಹುದಿತ್ತು, ಬೇರೆ ಗಾಡಿ ಕೊಳ್ಳಬಹುದಿತ್ತು. ಅಕ್ಕ ಹೇಳಿದರೆ, "ನನಗೆ ಅದೆಲ್ಲ ಬರುವುದಿಲ್ಲ ಅಂತ ಒಮ್ಮೆ ಗೊತ್ತಾಗಿದೆಯಲ್ಲ" ಎನ್ನುತ್ತಿದ್ದರು. ನಾನು ಅವರ ಗಾಡಿಯನ್ನು ಮಾತ್ರ ಕೆಡಿಸಿದ್ದಿದ್ದರೆ ಇಷ್ಟು ವರ್ಷ ಎದೆಯಲ್ಲಿ ಕುಟುಕುತ್ತಿರಲಿಲ್ಲ.

ಈಗ ಅಕ್ಕ, ಭಾವ ಚೆಂಬೂರಿನ ಒಂದು ಬಿಲ್ಡಿಂಗಿನಲ್ಲಿದ್ದಾರೆ. ನಾನೂ ಹತ್ತಿರದಲ್ಲೇ ಇದ್ದೇನೆ. ಕಳೆದ ಮಳೆಗಾಲದ ಒಂದು ಸಂಜೆ ಹೋದಾಗ ಭಾವ ಕುರ್ಚಿಯಲ್ಲಿ ಕುಳಿತು ಬಲ ಮೊಣಕಾಲು ನೀವಿಕೊಳ್ಳುತ್ತಿದ್ದರು. ಬಹಳ ಸಲ ಅಭ್ಯಾಸ ಮಾಡಿದ ಮಾತನ್ನು ಅಂದು ಹೇಳಿದೆ. ಗೇರಿನದ್ದು ಸುಳ್ಳು, ಮೆಕ್ಯಾನಿಕ್ ಹಾಗೆ ಹೇಳಲೇ ಇಲ್ಲ, ಲ್ಯಾಬಿನ ಎಣ್ಣೆಯೂ ಸುಳ್ಳು, ನಾನು ಹಾಕಿದ್ದು ಹರಳೆಣ್ಣೆ.

ಭಾವ ನೀವುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಮೆತ್ತಗಾಯಿತು.

"ನೀನು ಮೊದಲಿಂದಲೂ ಹೀಗೇ" ಎಂದರು. "ನನಗೆ ಬೇಜಾರಾಗಬಾರದು ಅಂತ ನನ್ನ ತಪ್ಪನ್ನು ನಿನ್ನ ತಲೆಗೆ ಎಳೆದುಕೊಳ್ಳುವುದು."

"ಅಲ್ಲ ಭಾವ, ನಿಜವಾಗಿ ಹರಳೆಣ್ಣೆ."

"ಹರಳೆಣ್ಣೆಯಂತೆ. ಎಣ್ಣೆ ಕಂಪನಿಯವ ಮೋಟಾರ್‌ಸೈಕಲ್ಲಿಗೆ ಹರಳೆಣ್ಣೆ ಹಾಕ್ತಾನಾ? ಸಣ್ಣ ಮಕ್ಕಳೂ ನಂಬುವುದಿಲ್ಲ."

"ನಾನು ಅಲ್ಲಿ ಗಮ್‌ಬೂಟು ಕೊಡುತ್ತಿದ್ದೆ ಭಾವ. ಸಾಬೂನು ಕೊಡುತ್ತಿದ್ದೆ."

"ಅದು ಸುರುವಿಗೆ ಇರಬಹುದು" ಎಂದರು ಭಾವ.

ಅಡಿಗೆಮನೆಯಿಂದ ಅಕ್ಕ ಹೊರಗೆ ಬಂದಳು. ಅವಳು ನಂಬಿದ್ದಳು. ಸೊಂಟಕ್ಕೆ ಕೈಯಿಟ್ಟು ನಿಂತು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು.

"ಹಾಗಾದ್ರೆ ಸೀಸೆ ಒಡೆದದ್ದು ಬೆಕ್ಕಲ್ಲ?"

"ಅಲ್ಲಕ್ಕಾ."

"ಪಾಪದ ಪ್ರಾಣಿಗೆ ನಾನು ಪೊರಕೆಯಲ್ಲಿ ಹೊಡೆದದ್ದು ಎಷ್ಟು. ಒಂದು ತೊಟ್ಟು ಹಾಲು ಹಾಕಲಿಲ್ಲ." ಅವಳು ಮತ್ತೇನೋ ಹೇಳಲು ಹೊರಟು, ಗಂಡನ ಮುಖ ನೋಡಿ, ಒಳಗೆ ಹೋದಳು. ನನ್ನ ತಪ್ಪೊಪ್ಪಿಗೆಯಿಂದ ಒಂದು ಬೆಕ್ಕು ಮಾತ್ರ ಬಿಡುಗಡೆಯಾಯಿತು.

ಭಾವ ಮಾತು ಬದಲಿಸಿದರು. "ಅದು ಹೋಗಲಿ. ಈ ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು ಹೇಳು. ಡಾಕ್ಟರರ ಟ್ಯೂಬಿನಲ್ಲಿ ಎಂತದೂ ಇಲ್ಲ."

"ನನಗೆ ಗೊತ್ತಿಲ್ಲ ಭಾವ" ಎಂದೆ. ಎಣ್ಣೆಯ ಬಗ್ಗೆ ಹಾಗೆ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು.

ಅವರು ಒಳಗಿನ ಕಡೆ ತಿರುಗಿ ಅಕ್ಕನಿಗೆ ಕೇಳುವಂತೆ, "ನೋಡು, ನನಗೂ ಹೇಳುವುದಿಲ್ಲ. ಕಂಪನಿಯ ಗುಟ್ಟು" ಎಂದು ನಕ್ಕರು.

ಅಕ್ಕ ಬಂದು ನನ್ನ ಮುಂದೆ ಒಂದು ಸೀಸೆಯನ್ನು ಸದ್ದಾಗುವ ಹಾಗೆ ಇಟ್ಟಳು. ಹರಳೆಣ್ಣೆ. "ಹಚ್ಚು" ಎಂದಳು, ಅಷ್ಟೇ.

ನಾನು ನೆಲದ ಮೇಲೆ ಕುಳಿತು, ಅಂಗೈಗೆ ಹಾಕಿಕೊಂಡು ಬೆಚ್ಚಗಾಗುವಷ್ಟು ಉಜ್ಜಿ, ಅವರ ಬಲ ಮೊಣಕಾಲಿಗೆ ಹಚ್ಚತೊಡಗಿದೆ. ಸಾಕಿನಾಕಾದಲ್ಲಿ ಚಟ್ ಎಂದದ್ದು ಅದೇ ಕಾಲು. ಪರಿಮಳ ಕೋಣೆಯಲ್ಲೆಲ್ಲ ತುಂಬಿತು. ಭಾವ ಅದನ್ನು ಮೂಗಿನ ತುಂಬ ಎಳೆದುಕೊಂಡು ಕಣ್ಣು ಮುಚ್ಚಿದರು. ಈ ವಾಸನೆ ಅವರಿಗೆ ಏನನ್ನಾದರೂ ನೆನಪಿಸುತ್ತದೆಯೇ ಎಂದು ನಾನು ಕೈ ನಿಲ್ಲಿಸಿ ಕಾದೆ.

"ಯಾಕೆ ನಿಲ್ಲಿಸಿದೆ? ಹೂಂ, ಹಾಗೇ ಮೇಲೆ ಬಾ" ಎಂದರು ಕಣ್ಣು ತೆರೆಯದೆ. ನಾನು ಮಂಡಿಚಿಪ್ಪನ್ನು ಹತ್ತಿ ಮೇಲಕ್ಕೆ ಒತ್ತಿದೆ. ನೋವಿಗೆ ಅವರ ಮುಖ ಕಿವುಚಿತು.

"ನಿಧಾನ ಮಾರಾಯ" ಎಂದರು. "ಏರಿನಲ್ಲಿ ಗೇರು ಬದಲಿಸಬೇಕು. ನನ್ನನ್ನು ನೋಡಿಯೂ ಕಲಿಯಲಿಲ್ಲವಾ ನೀನು?"